ಕೋರಾ ಕಾಗದಕ್ಕೆ ಬಿದ್ದ ಶಿಕ್ಕಾ: ಕಲಬುರಗಿ ಸೀಮೆಗೆ ಸಮುದ್ರ ತಂದವನ ಕಥೆ

ಕಲಬುರಗಿ ಗಂಜಿನ ಅಡತಿ ಅಂಗಡಿಗಳಲ್ಲಿ ಮಗನ ಕೈಗೆ ಗಲ್ಲಾಪೆಟ್ಟಿಗೆಯ ಕೀಲಿ ಕೊಡುವಾಗ ಹಿರಿಯರು ಹೇಳುವ ಬುದ್ಧಿಮಾತು ಒಂದಿದೆ. ರೊಕ್ಕ ಹೋದರೆ ದುಡಿದು ತರಬಹುದು, ಶಿಕ್ಕಾ ಮಾತ್ರ ಇನ್ನೊಬ್ಬರ ಕೈಗೆ ಹೋಗಬಾರದು. ಕೋರಾ ಕಾಗದದ ಮೇಲೆ ಒಮ್ಮೆ ಶಿಕ್ಕಾ ಬಿತ್ತೆಂದರೆ ಮುಗೀತು. ಆಮೇಲೆ ಅದರಲ್ಲಿ ಯಾರು ಏನು ಬರೆದರೂ ಶಿಕ್ಕಾದ ಧಣಿಯೇ ಜವಾಬು ಹೇಳಬೇಕು.

ಇಂಥದೇ ಒಂದು ಕೋರಾ ಕಾಗದದಿಂದ 1481ರಲ್ಲಿ ಒಂದು ತಲೆ ಹೋಯ್ತು. ಆ ತಲೆಯ ಹಿಂದೆ ಒಂದು ರಾಜ್ಯವೇ ಹೋಯ್ತು. ಸತ್ತವನು ಬಹಮನಿ ರಾಜ್ಯದ ಪ್ರಧಾನಿ. ಕಸಬಿನಿಂದ ವ್ಯಾಪಾರಿ. ಹೆಸರು ಖ್ವಾಜಾ ಮಹಮೂದ್ ಗವಾನ್.

ಕಮಲಾಪುರ, ಹುಮನಾಬಾದ್ ದಾಟಿ ಬೀದರಿಗೆ ಹೋಗುವ ಬಸ್ಸಿನ ಮಂದಿಗೆ ಈ ಹೆಸರು ಹೊಸದಲ್ಲ. ಬೀದರಿನ ಹಳೇ ಊರೊಳಗೆ, ನೀಲಿ ಹೆಂಚಿನ ಚೂರುಗಳನ್ನು ಮೈಮೇಲೆ ಹೊತ್ತು, ಉಳಿದ ಒಂದೇ ಮಿನಾರಿನ ಜೊತೆ ನಿಂತಿರುವ ಮದರಸಾ ಅವನದೇ. ಆದರೆ ಆ ಮದರಸಾ ಮುಗಿದ ವರ್ಷವೇ, ಅಂದರೆ 1472ರಲ್ಲಿ, ಅವನು ಇನ್ನೊಂದು ಕೆಲಸ ಮುಗಿಸಿದ್ದ. ಸಮುದ್ರದ ಮುಖವನ್ನೇ ಕಾಣದ ಈ ಕರಿನೆಲದ ಸೀಮೆಗೆ ಗೋವಾ ಬಂದರನ್ನು ತಂದು ಜೋಡಿಸಿದ್ದ. ಈ ಸಂಗತಿ ಬಹಳ ಮಂದಿಗೆ ಗೊತ್ತಿಲ್ಲ.

ಕುದುರೆಗಾಗಿ ಸಮುದ್ರ

ಬಹಮನಿ ರಾಜ್ಯ ಹುಟ್ಟಿದ್ದು 1347ರಲ್ಲಿ. ರಾಜಧಾನಿ ಕಲಬುರಗಿ. 1420ರ ದಶಕದಲ್ಲಿ ರಾಜಧಾನಿ ಬೀದರಿಗೆ ಹೋಯಿತಾದರೂ ಕಲಬುರಗಿ ಒಂದು ದೊಡ್ಡ ಪ್ರಾಂತದ ಮುಖ್ಯ ಊರಾಗಿಯೇ ಉಳಿಯಿತು. ಜೋಳಕ್ಕೆ, ಹತ್ತಿಗೆ ಈ ನೆಲ ಹೆಸರಾದದ್ದು. ಕೊರತೆ ಇದ್ದದ್ದು ಕುದುರೆಗೆ.

ದಖ್ಖನಿನ ಹವೆಯಲ್ಲಿ ಯುದ್ಧದ ಕುದುರೆ ಚೆನ್ನಾಗಿ ಬೆಳೆಯುವುದಿಲ್ಲ. ಅರಬಸ್ತಾನದಿಂದ, ಖುರಾಸಾನದಿಂದ ಹಡಗಿನಲ್ಲಿ ಬರಬೇಕು. ತುಂಗಭದ್ರೆಯ ಆಚೆ ವಿಜಯನಗರದವರಿಗೂ ಇದೇ ಕಷ್ಟ. ಬಂದರು ಯಾರ ಕೈಯಲ್ಲೋ ಕುದುರೆ ಅವರ ಕೈಯಲ್ಲಿ. ಕುದುರೆ ಯಾರ ಕೈಯಲ್ಲೋ ರಾಯಚೂರು ದೋಆಬ್ ಅವರ ಕೈಯಲ್ಲಿ. ಲೆಕ್ಕ ಇಷ್ಟೇ.

ಬಹಮನಿಗಳ ಕುದುರೆ ಹಡಗು ಬಂದು ನಿಲ್ಲುತ್ತಿದ್ದದ್ದು ಕೊಂಕಣದ ದಾಭೋಳ, ಚೌಲ್ ಬಂದರುಗಳಲ್ಲಿ. ದಾಭೋಳದಿಂದ ಬೀದರಿಗೆ, ಕಲಬುರಗಿಗೆ ನೆಲದ ಮೇಲೆ ಒಂದು ತಿಂಗಳ ದಾರಿ ಎಂದು 1470ರ ಆಸುಪಾಸಿನಲ್ಲಿ ಈ ಕಡೆ ಬಂದಿದ್ದ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಬರೆದಿಟ್ಟಿದ್ದಾನೆ. ಒಂದು ಕುದುರೆ ತಂದು ಮಾರಲು ಬಂದಿದ್ದ ಈ ಆಸಾಮಿ ಕಲಬುರಗಿಯನ್ನೂ ಕಂಡವನು. ಶೇಖ್ ಅಲಾವುದ್ದೀನರ ಹೆಸರಿನಲ್ಲಿ ವರ್ಷಕ್ಕೊಮ್ಮೆ ಹತ್ತು ದಿನ ನಡೆಯುವ ಜಾತ್ರೆಗೆ 20,000 ಕುದುರೆ ಮಾರಾಟಕ್ಕೆ ಬರುತ್ತವೆ ಎಂದೂ ಅವನು ಬರೆದಿದ್ದಾನೆ. ಆ ಜಾತ್ರೆಯ ಊರು ಆಳಂದ ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಇವತ್ತು ಲಾಡ್ಲೆ ಮಶಾಯಖ್ ದರ್ಗಾಕ್ಕೆ ಮಂದಿ ಹೋಗುವ ಅದೇ ಆಳಂದ.

ಕಮಲಾಪುರದ ಕೆಂಪು ಬಾಳೆಯ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಾಲು ಇದ್ದರೆ ಸಾಲದು, ದಾರಿ ಬೇಕು. ಬಂದರಿಗೂ ಈ ಬಯಲಿಗೂ ನಡುವೆ ಸಹ್ಯಾದ್ರಿ ಅಡ್ಡ ನಿಂತಿತ್ತು. ಘಟ್ಟ ಇಳಿಯುವ ದಾರಿಗಳೂ ಘಟ್ಟದ ನೆತ್ತಿಯ ಕೋಟೆಗಳೂ ಖೇಳಣಾ, ಸಂಗಮೇಶ್ವರಗಳ ರಾಜರ ಕೈಯಲ್ಲಿದ್ದವು. ಖೇಳಣಾ ಅಂದರೆ ಇಂದಿನ ವಿಶಾಳಗಡ. ಬೀದರಿನ ದಫ್ತರದಲ್ಲಿ ಅವರು ಹಡಗು ಸುಲಿಯುವ ಕಳ್ಳರು. ಅವರ ಪಾಲಿಗೆ ಅದು ಅಜ್ಜ ಮುತ್ತಜ್ಜರ ನೆಲ. ದಾಟುವವನು ಸುಂಕ ಕೊಟ್ಟು ದಾಟಬೇಕು.

1450ರ ಆಸುಪಾಸಿನಲ್ಲಿ ಬಹಮನಿ ಸೇನೆ ಒಮ್ಮೆ ಈ ಕಾಡಿಗೆ ನುಗ್ಗಿ ಮಣ್ಣು ಮುಕ್ಕಿತ್ತು. ಶಿರ್ಕೆ ಮನೆತನದ ಪಾಳೆಯಗಾರನೊಬ್ಬ ದಾರಿ ತೋರಿಸುವುದಾಗಿ ನಂಬಿಸಿ, ಸೇನೆಯನ್ನು ಬಿಸಿಲು ಬೀಳದ ಕಣಿವೆಗೆ ಕರೆದೊಯ್ದು, ಖೇಳಣಾದವರಿಗೆ ಸುದ್ದಿ ಮುಟ್ಟಿಸಿದ. ಬೆಳಗಾಗುವುದರೊಳಗೆ ಸರದಾರ ಖಲಫ್ ಹಸನ್ ಸಮೇತ ಸೇನೆ ಹೆಣವಾಗಿತ್ತು. ಅಂದಿನಿಂದ ಕೊಂಕಣ ಎಂದರೆ ಬೀದರಿನ ಸರದಾರರಿಗೆ ನಡುಕ.

ಗೀಲಾನದಿಂದ ಬಂದವನು

ಇರಾನಿನ ಉತ್ತರಕ್ಕೆ, ಕ್ಯಾಸ್ಪಿಯನ್ ಸಮುದ್ರದ ದಂಡೆಗೆ ಗೀಲಾನ್ ಸೀಮೆ ಇದೆ. ಅಲ್ಲಿನ ಗವಾನ್ ಎಂಬ ಊರಲ್ಲಿ 1411ರ ಸುಮಾರಿಗೆ ಮಹಮೂದ್ ಹುಟ್ಟಿದ. ಹಿರಿಯರು ಅಲ್ಲಿನ ದರಬಾರಿನಲ್ಲಿ ಮಂತ್ರಿಗಿರಿ ಮಾಡಿದವರು. ದರಬಾರಿನ ಒಳಜಗಳ ಮನೆ ಬಾಗಿಲಿಗೇ ಬಂದಾಗ ಮಹಮೂದ್ ಊರು ಬಿಟ್ಟ. ಬೇರೆ ರಾಜರು ಕರೆದು ಹುದ್ದೆ ಕೊಟ್ಟರೂ ಒಲ್ಲೆ ಎಂದ. ವ್ಯಾಪಾರ ಹಿಡಿದು ದೇಶ ತಿರುಗಿದ. ಎಲ್ಲಿ ಹೋದರೂ ಸರಕಿನ ಜೊತೆ ಪಂಡಿತರ ಸಹವಾಸ ಮಾಡುವುದು ಅವನ ಚಟ.

1453ರಲ್ಲಿ ಹಡಗಿನಿಂದ ದಾಭೋಳದಲ್ಲಿ ಇಳಿದಾಗ ಅವನಿಗೆ ವಯಸ್ಸು 40 ದಾಟಿತ್ತು. ಬೀದರಿನಲ್ಲಿದ್ದ ಸಂತ ಶಾಹ್ ಮುಹಿಬ್ಬುಲ್ಲಾ ಅವರನ್ನು ಕಂಡು ಅಲ್ಲಿಂದ ದಿಲ್ಲಿಗೆ ಹೋಗುವುದೆಂದು ಇರಾದೆ. ಸುಲ್ತಾನ್ ಅಲಾವುದ್ದೀನ್ ಅಹಮದ್ ಅವನ ಮಾತು ಕೇಳಿ ಬಿಡಲೊಲ್ಲ. ದರಬಾರಿನಲ್ಲೇ ಇಟ್ಟುಕೊಂಡ. ನಾಲ್ಕು ದಿನಕ್ಕೆಂದು ಬಂದವನು ಬೀದರಿನಲ್ಲೇ ನೆಲೆ ನಿಂತ.

ಮೊದಲ ಕೆಲಸ ನಲಗೊಂಡದ ದಂಗೆ ಅಡಗಿಸುವುದು. ಅದು ಆಯ್ತು. 1458ರಲ್ಲಿ ಪಟ್ಟಕ್ಕೆ ಬಂದ ಹುಮಾಯೂನ್ ಅವನಿಗೆ ಮಲಿಕ್-ಉತ್-ತುಜ್ಜಾರ್ ಎಂಬ ಬಿರುದು ಕೊಟ್ಟ. ವ್ಯಾಪಾರಿಗಳ ರಾಜ ಎಂದು ಅದರ ಅರ್ಥ. 1461ರಲ್ಲಿ ಹುಮಾಯೂನ್ ಸತ್ತಾಗ ಪಟ್ಟಕ್ಕೆ ಬಂದವನು ಎಂಟು ವರ್ಷದ ಹುಡುಗ. ರಾಜಮಾತೆ, ಖ್ವಾಜಾ ಜಹಾನ್ ತುರ್ಕ್, ಗವಾನ್, ಈ ಮೂವರು ಸೇರಿ ರಾಜ್ಯ ನಡೆಸಿದರು. 1462ರಲ್ಲಿ ಮಾಳವದ ಸುಲ್ತಾನ ಬೀದರಿನ ತನಕ ನುಗ್ಗಿ ಬಂದಾಗ ಗವಾನ್ ಗುಜರಾತಿನ ಸಹಾಯ ತಂದು ಅವನನ್ನು ಹಿಂದಕ್ಕೆ ಅಟ್ಟಿದ. ಹುಡುಗ ಸುಲ್ತಾನ ಬೇಗ ತೀರಿಕೊಂಡ. 1463ರಲ್ಲಿ ಅವನ ತಮ್ಮ ಮೂರನೇ ಮುಹಮ್ಮದ್ ಗದ್ದುಗೆ ಏರಿದ. 1466ರ ಹೊತ್ತಿಗೆ ಗವಾನ್ ರಾಜ್ಯದ ಪ್ರಧಾನಿ.

ಕೊಡಲಿ ಹಿಡಿದ ದಂಡು

1469ರಲ್ಲಿ ಗವಾನ್ ಕೊಂಕಣಕ್ಕೆ ಹೊರಟ. ಹಿಂದಿನವರು ಮಾಡಿದ ತಪ್ಪು ಅವನು ಮಾಡಲಿಲ್ಲ. ಘಟ್ಟದ ಕಾಡಿನಲ್ಲಿ ಕುದುರೆ ಭಾರ ಎಂದು ಕಾಲಾಳುಗಳನ್ನು ಮುಂದೆ ಬಿಟ್ಟ. ಕೈಗೆ ಕತ್ತಿಯ ಜೊತೆ ಕೊಡಲಿ ಕೊಟ್ಟ. ಕಾಡು ಕಡಿದು, ಬೆಂಕಿ ಇಟ್ಟು, ದಾರಿ ಮಾಡಿಕೊಂಡು ಒಂದೊಂದೇ ಹೆಜ್ಜೆ ಮುಂದಿಟ್ಟರು. ಕೋಟೆ ಬಗ್ಗದಿದ್ದಲ್ಲಿ ಹಣದ ಥೈಲಿ ಬಿಚ್ಚಿದ. ಎಷ್ಟಾದರೂ ವ್ಯಾಪಾರಿ.

ಮಳೆಗಾಲ ಬಂತು. ಕೊಂಕಣದ ಮಳೆ ಎಂದರೆ ಬಯಲುಸೀಮೆಯ ಸಿಪಾಯಿಗೆ ಶತ್ರುವಿಗಿಂತ ದೊಡ್ಡ ಶತ್ರು. ಗವಾನ್ ದಂಡನ್ನು ಕೊಲ್ಲಾಪುರದ ಕಡೆ ಹಿಂದಕ್ಕೆ ತಂದು, ಹುಲ್ಲಿನ ಗುಡಿಸಲು ಹಾಕಿಸಿ ಕೂತ. ಮಳೆ ನಿಂತ ಮೇಲೆ ಮತ್ತೆ ಹೊರಟ. ಬೀದರಿನಲ್ಲಿ ಕೂತ ಕೆಲವರು ಹಣವೂ ದಂಡೂ ಸಾಕಷ್ಟು ಬರದ ಹಾಗೆ ನೋಡಿಕೊಂಡರು. ಆದರೂ ರಾಂಗಣಾ ಬಿತ್ತು, ಮಾಚಾಳ ಬಿತ್ತು, 1471ರ ಡಿಸೆಂಬರಿನಲ್ಲಿ ಖೇಳಣಾ ಕೈಸೇರಿತು. 1472ರ ಫೆಬ್ರವರಿಯಲ್ಲಿ ನೆಲದಿಂದಲೂ ಸಮುದ್ರದಿಂದಲೂ ಒಟ್ಟಿಗೆ ಹೋಗಿ ವಿಜಯನಗರದ ಕೈಯಲ್ಲಿದ್ದ ಗೋವಾ ಹಿಡಿದ.

ಇದರಲ್ಲಿ ಸುಟ್ಟ ಊರುಗಳೂ ಇದ್ದವು, ಮನೆಮಠ ಕಳಕೊಂಡ ಮಂದಿಯೂ ಇದ್ದರು. ಘಟ್ಟದವರ ಪಾಲಿಗೆ ಇದು ಸುಖದ ಕಥೆಯಲ್ಲ. ಆದರೆ ಬೀದರಿನ ಲೆಕ್ಕದಲ್ಲಿ ಚೌಲ್‌ನಿಂದ ಗೋವಾದ ತನಕ ಮುಖ್ಯ ಬಂದರುಗಳು ಒಂದೇ ಕೈಗೆ ಬಂದವು. ವಿಜಯನಗರಕ್ಕೆ ಗೋವಾದ ಕುದುರೆ ನಿಂತವು. ಆ ಬಂದರನ್ನು ಮತ್ತೆ ಕಿತ್ತುಕೊಳ್ಳಲು ಬೆಳಗಾವಿಯ ಕೋಟೆಯ ನಾಯಕ ಎದ್ದ. 1473ರಲ್ಲಿ ಸುಲ್ತಾನನೇ ಹೋಗಿ, ಸುರಂಗ ತೋಡಿ ಮದ್ದು ತುಂಬಿ ಗೋಡೆ ಹಾರಿಸಿ ಬೆಳಗಾವಿ ಹಿಡಿದ.

ಗವಾನ್ ಗೋವಾ ಗೆದ್ದು ಬಂದ ಸಂದರ್ಭದ ಒಂದು ಪ್ರಸಂಗವನ್ನು ನೂರು ವರ್ಷಗಳ ತರುವಾಯ ಬಿಜಾಪುರದಲ್ಲಿ ಕೂತು ಇತಿಹಾಸ ಬರೆದ ಫರಿಷ್ತಾ ಹೇಳುತ್ತಾನೆ. ಸುಲ್ತಾನ ಅವನ ಮನೆಗೇ ಬಂದು ಒಂದು ವಾರ ಇದ್ದ. ರಾಜಮಾತೆ ಅವನನ್ನು ಅಣ್ಣ ಎಂದು ಕರೆದರು. ಅತಿಥಿಗಳು ಹೋದ ಮೇಲೆ ಗವಾನ್ ಕೋಣೆ ಸೇರಿ, ಮೈಮೇಲಿನ ಜರಿ ಬಟ್ಟೆ ತೆಗೆದೆಸೆದು, ನೆಲದ ಮೇಲೆ ಬಿದ್ದು ಅತ್ತ. ಆಮೇಲೆ ಪಂಡಿತರನ್ನೂ ಫಕೀರರನ್ನೂ ಕರೆಸಿ ತನ್ನ ಸ್ವಂತದ್ದನ್ನೆಲ್ಲ ಹಂಚಿದ. ಉಳಿಸಿಕೊಂಡದ್ದು ಆನೆ, ಕುದುರೆ, ಪುಸ್ತಕ. ಆನೆ ಕುದುರೆ ಸುಲ್ತಾನನವು, ಪುಸ್ತಕ ಓದುವ ಹುಡುಗರವು, ಅವನ್ನು ಕೊಡಲು ತನಗೆ ಹಕ್ಕಿಲ್ಲ ಎಂಬುದು ಅವನ ವಾದ. ಇಷ್ಟು ಮೇಲೆ ಏರಿದ ಮನುಷ್ಯ ಇಲ್ಲಿಂದ ಇಳಿಯುವುದಷ್ಟೇ ಬಾಕಿ ಎಂದು ಅವನಿಗೆ ಹೊಳೆದಿತ್ತೋ ಏನೋ.

ಲೆಕ್ಕ ಕೇಳಿದ್ದೇ ತಪ್ಪಾಯ್ತು

ನಿಕಿತಿನ್ ಕಂಡ ಬೀದರಿನಲ್ಲಿ ಅಮೀರರು ಬೆಳ್ಳಿಯ ಮಂಚದ ಮೇಲೆ ಹೊತ್ತುಕೊಂಡು ಹೋಗಿಸಿಕೊಳ್ಳುತ್ತಿದ್ದರು. ಹಳ್ಳಿಯ ಮಂದಿ ಬಡತನದಲ್ಲಿ ಬಿದ್ದಿದ್ದರು. ಗವಾನನ ಮನೆಯಲ್ಲೂ ದಿನಾ 500 ಮಂದಿ ಊಟಕ್ಕೆ ಕೂರುತ್ತಿದ್ದರು, ಲಾಯದಲ್ಲಿ 2,000 ಕುದುರೆ, ರಾತ್ರಿ ಕಾವಲಿಗೆ 100 ಮಂದಿ ಎಂದು ಅವನು ಬರೆದಿದ್ದಾನೆ.

ಬೆಳಗಾವಿ ಯುದ್ಧದ ಬೆನ್ನಿಗೇ ದಖ್ಖನಿನಲ್ಲಿ ಎರಡು ವರ್ಷ ಮಳೆಯಾಗಲಿಲ್ಲ. ಮಂದಿ ಗುಜರಾತಿಗೆ, ಮಾಳವಕ್ಕೆ ಗುಳೆ ಹೋದರು. ಮೂರನೇ ವರ್ಷ ಮಳೆ ಬಂದಾಗ ಬಿತ್ತಲು ಒಕ್ಕಲಿಗರೇ ಇರಲಿಲ್ಲ ಎಂಬಂತಾಗಿತ್ತು.

ಅಂಥ ದಶಕದಲ್ಲಿ ಗವಾನ್ ರಾಜ್ಯದ ಲೆಕ್ಕಪತ್ರಕ್ಕೆ ಕೈ ಹಾಕಿದ. ಮೊದಲಿದ್ದದ್ದು ನಾಲ್ಕು ದೊಡ್ಡ ತರಫು, ಅಂದರೆ ಪ್ರಾಂತ. ಒಂದೊಂದರ ಅಧಿಕಾರಿಯೂ ಒಬ್ಬೊಬ್ಬ ಸುಲ್ತಾನನಂತೆ ಮೆರೆಯುತ್ತಿದ್ದ. ಗವಾನ್ ನಾಲ್ಕನ್ನು ಎಂಟು ಮಾಡಿದ. ಹಳೇ ಕಲಬುರಗಿ ತರಫು ಒಡೆದು ಕಲಬುರಗಿ, ಬಿಜಾಪುರ ಎಂದು ಎರಡಾಯಿತು. ಕಲಬುರಗಿಗೆ ಹಬಶಿ ಸರದಾರ ದಸ್ತೂರ್ ದೀನಾರ್ ಬಂದ. ಬಿಜಾಪುರ ಗವಾನನ ಕೈಯಲ್ಲೇ ಉಳಿಯಿತು. ಪ್ರತಿ ತರಫಿನಲ್ಲಿ ಒಂದೇ ಒಂದು ಕೋಟೆ ಅಧಿಕಾರಿಗೆ, ಉಳಿದ ಕೋಟೆಗಳಿಗೆ ಕಿಲ್ಲೇದಾರರು ಬೀದರಿನಿಂದಲೇ ನೇಮಕ. ಹೊಲಗದ್ದೆ ಅಳತೆ ಮಾಡಿಸಿದ.

ಮುಖ್ಯ ಪೆಟ್ಟು ಬಿದ್ದದ್ದು ದಂಡಿನ ಪಗಾರದ ಮೇಲೆ. 500 ಸವಾರರನ್ನು ಇಡಬೇಕಾದ ಸರದಾರನಿಗೆ ಮೊದಲು ವರ್ಷಕ್ಕೆ 1 ಲಕ್ಷ ಹೊನ್ನು ಸಿಗುತ್ತಿತ್ತು. ಗವಾನ್ ಅದನ್ನು 1.25 ಲಕ್ಷಕ್ಕೆ ಏರಿಸಿದ. 1,000 ಸವಾರರಿಗೆ 2 ಲಕ್ಷ ಇದ್ದದ್ದು 2.5 ಲಕ್ಷ ಆಯ್ತು. ಪಗಾರ ಏರಿಸಿದರೆ ಯಾರಿಗೆ ಬೇಡ? ಆದರೆ ಜೊತೆಗೇ ತಪಾಸಣೆ ಬಂತು. ಎಷ್ಟು ಸವಾರರು ಕಡಿಮೆಯೋ ಅಷ್ಟು ಹಣ ವಾಪಸ್. ಕಾಗದದ ಮೇಲಷ್ಟೇ ಇದ್ದ ಸವಾರರ ಪಗಾರ ತಿಂದು ಕೊಬ್ಬಿದ್ದ ಸರದಾರರಿಗೆ ಇದು ನುಂಗಲಾರದ ತುತ್ತಾಯಿತು.

ಇದರ ಮೇಲೆ ಹಳೇ ಜಗಳ ಒಂದಿತ್ತು. ತಲೆಮಾರುಗಳಿಂದ ಇಲ್ಲೇ ನೆಲೆಸಿದ ದಖ್ಖನಿಗಳು ಒಂದು ಕಡೆ, ಹಬಶಿಗಳು ಬಹುಮಟ್ಟಿಗೆ ಅವರ ಜೊತೆ. ಇರಾನ್, ತುರಾನ್, ಅರಬಸ್ತಾನಗಳಿಂದ ಹೊಸದಾಗಿ ಬಂದ ಆಫಾಕಿಗಳು ಇನ್ನೊಂದು ಕಡೆ. ಹೊರಗಿನವರು ಬಂದು ತಮ್ಮ ಅನ್ನ ಕಸಿದರೆಂದು ಇವರು, ತಾವಿಲ್ಲದೆ ರಾಜ್ಯ ನಡೆಯದೆಂದು ಅವರು. ಗವಾನ್ ಸ್ವತಃ ಹೊರಗಿನವನು. ಆದರೂ ಹುದ್ದೆ ಹಂಚುವಾಗ ತಕ್ಕಡಿ ಸಮ ಹಿಡಿದ. ಪಾಥರಿಯ ಬ್ರಾಹ್ಮಣ ಮನೆತನದಿಂದ ಬಂದು ಮುಸಲ್ಮಾನನಾದ ಮಲಿಕ್ ಹಸನ್‌ಗೆ ರಾಜಮಹೇಂದ್ರಿ ಕೊಟ್ಟ. ವಿಜಯನಗರದ ಕನ್ನಡ ಮೂಲದ ಫತೇವುಲ್ಲಾನಿಗೆ ವರ್ಹಾಡದ ಗಾವಿಲಗಡ ಕೊಟ್ಟ. ಯೂಸುಫ್ ಆದಿಲ್ ಖಾನ್ ಎಂಬ ತನ್ನ ಶಿಷ್ಯನಿಗೆ ದೌಲತಾಬಾದ್ ಕೊಟ್ಟ. ಆದರೆ ಮಲಿಕ್ ಹಸನ್‌ಗೆ ಇಡೀ ತೆಲಂಗಾಣ ಬೇಕಾಗಿತ್ತು. ಅರ್ಧ ಸಿಕ್ಕಿತೆಂದು ಹಗೆ ಕಟ್ಟಿದ.

ಕೊಂಡಪಲ್ಲಿಯ ಸಂಜೆ

1481ರ ವಸಂತ. ಸುಲ್ತಾನನ ದಂಡು ಕಂಚಿಯ ತನಕ ಹೋಗಿ ದೇವಸ್ಥಾನ ಲೂಟಿ ಮಾಡಿಕೊಂಡು ವಾಪಸ್ ಬಂದಿತ್ತು. ಆಂಧ್ರದ ಕೊಂಡಪಲ್ಲಿಯಲ್ಲಿ ಬಿಡಾರ. ಪಿತೂರಿ ಮಾಡಿದವರು ಗವಾನನ ಮೊಹರು ಕಾಯುವ ಹಬಶಿ ಗುಲಾಮನ ದೋಸ್ತಿ ಬೆಳೆಸಿದರು. ಕಾಣಿಕೆ ಕೊಟ್ಟರು, ಕುಡಿಸಿದರು. ಒಂದು ದಿನ ಮತ್ತೇರಿದ ಹೊತ್ತಿಗೆ ಮಡಚಿದ ಕಾಗದ ಮುಂದಿಟ್ಟು, ಇದು ಗೆಳೆಯನೊಬ್ಬನ ಲೆಕ್ಕದ ಚೀಟಿ, ಇದಕ್ಕೊಂದು ಶಿಕ್ಕಾ ಒತ್ತಿಬಿಡು ಎಂದರು. ಒಳಗೆ ಏನಿದೆ ಎಂದು ಅವನು ಬಿಚ್ಚಿ ನೋಡಲಿಲ್ಲ. ಒಳಗೆ ಏನೂ ಇರಲಿಲ್ಲ.

ಆಮೇಲೆ ಅದೇ ಕೋರಾ ಕಾಗದದಲ್ಲಿ ಒರಿಸ್ಸಾದ ಗಜಪತಿಗೆ ಪತ್ರ ಬರೆದರು. ಸುಲ್ತಾನ ಕುಡುಕ, ಮಂದಿ ಬೇಸತ್ತಿದ್ದಾರೆ, ನೀವು ದಂಡೆತ್ತಿ ಬಂದರೆ ರಾಜ್ಯ ಹಂಚಿಕೊಳ್ಳೋಣ ಎಂಬುದು ಅದರ ಸಾರ. ಪತ್ರ ಸಿಕ್ಕಿಬಿದ್ದಂತೆ ನಾಟಕ ಹೂಡಿ ಸುಲ್ತಾನನಿಗೆ ಮುಟ್ಟಿಸಿದರು. ಪಕ್ಕದಲ್ಲಿ ಮಲಿಕ್ ಹಸನ್ ಇದ್ದ. ಸುಲ್ತಾನ ಕುಡಿದಿದ್ದ.

ಗವಾನನಿಗೆ ಕರೆ ಹೋಯಿತು. ಗೆಳೆಯರು ಹೋಗಬೇಡ ಎಂದರು, ಗುಜರಾತಿಗೆ ಓಡಿಹೋಗಲು ಸವಾರರು ತಯಾರಿದ್ದಾರೆ ಎಂದರು. ತಪ್ಪು ಮಾಡಿಲ್ಲ, ಓಡುವುದೇಕೆ ಎಂದು ಅವನು ಹೊರಟ. ಧಣಿಗೆ ದ್ರೋಹ ಮಾಡಿದ ನೌಕರನಿಗೆ ಏನು ಶಿಕ್ಷೆ ಎಂದು ಸುಲ್ತಾನ ಕೇಳಿದ. ಕತ್ತಿಯೇ ಶಿಕ್ಷೆ ಎಂದು ಗವಾನ್ ಉತ್ತರಿಸಿದ. ಆಗ ಪತ್ರ ಮುಂದೆ ಬಂತು. ಶಿಕ್ಕಾ ನನ್ನದು, ಬರಹ ನನ್ನದಲ್ಲ ಎಂದ. ಸುಲ್ತಾನ ವಿಚಾರಣೆ ಮಾಡಲಿಲ್ಲ. ಜೌಹರ್ ಎಂಬ ಗುಲಾಮನಿಗೆ ಸನ್ನೆ ಮಾಡಿ ಎದ್ದು ಒಳಗೆ ಹೋದ. ಮುದುಕನಾದ ತನ್ನ ಸಾವಿನಿಂದ ತನಗೆ ನಷ್ಟವಿಲ್ಲ, ರಾಜ್ಯಕ್ಕೆ ಮಾತ್ರ ನಷ್ಟ ಎಂದು ಹೇಳಿ ಗವಾನ್ ಪಶ್ಚಿಮಕ್ಕೆ ಮುಖ ಮಾಡಿ ಮಂಡಿಯೂರಿದ. ಅಂದು 1481ರ ಏಪ್ರಿಲ್ 5. ವಯಸ್ಸು ಸುಮಾರು 70.

ತಿಜೋರಿ ತೆರೆದಾಗ

ಇಷ್ಟು ವರ್ಷ ಪ್ರಧಾನಿಯಾಗಿದ್ದವನ ಮನೆಯಲ್ಲಿ ರಾಶಿ ಬಂಗಾರ ಇರಬೇಕೆಂದು ಸುಲ್ತಾನ ಖಜಾಂಚಿಯನ್ನು ಕರೆಸಿದ. ಖಜಾಂಚಿ ಎರಡು ಲೆಕ್ಕ ತೋರಿಸಿದ. ಒಂದು ಸುಲ್ತಾನನ ಜಾಗೀರಿನ ಹಣ, ಅದು ದಂಡಿಗೆ, ಆನೆ ಕುದುರೆಗೆ. 500 ಮಂದಿಯ ಊಟ, 2,000 ಕುದುರೆಯ ಮೇವು ಆ ಬಾಬತ್ತಿನದು. ಇನ್ನೊಂದು ಸ್ವಂತದ್ದು. ಗವಾನ್ ತನ್ನ ದೇಶದಿಂದ ಬಂಡವಾಳವಾಗಿ ತಂದದ್ದು 40,000 ಲಾರಿ. ಲಾರಿ ಅಂದರೆ ಆ ಕಾಲದ ಬೆಳ್ಳಿ ನಾಣ್ಯ. ಪ್ರಧಾನಿಯಾದ ಮೇಲೂ ಅದನ್ನೇ ವ್ಯಾಪಾರದಲ್ಲಿ ತಿರುಗಿಸಿ, ಲಾಭದಲ್ಲಿ ತನ್ನ ಊಟ ಬಟ್ಟೆ ನೋಡಿಕೊಂಡು, ಮಿಕ್ಕಿದ್ದನ್ನು ಬಡವರಿಗೆ ಹಂಚುತ್ತಿದ್ದ. ಮಲಗುತ್ತಿದ್ದದ್ದು ಚಾಪೆಯ ಮೇಲೆ. ಅಡಿಗೆ ಮಣ್ಣಿನ ಗಡಿಗೆಯಲ್ಲಿ. ಎರಡೂ ಥೈಲಿಗಳಲ್ಲಿ ಉಳಿದದ್ದು ಅಲ್ಪಸ್ವಲ್ಪ ಎಂದು ಫರಿಷ್ತಾ ಬರೆಯುತ್ತಾನೆ.

ಸುಲ್ತಾನ ತಲೆ ತಗ್ಗಿಸಿದ. ಶವವನ್ನು ಮರ್ಯಾದೆಯಿಂದ ಬೀದರಿಗೆ ಕಳಿಸಿದ. ಆದರೆ ಸರದಾರರ ನಂಬಿಕೆ ಹೋಗಿತ್ತು. ಯೂಸುಫ್ ಆದಿಲ್ ಖಾನ್ ಮತ್ತಿತರರು ಸುಲ್ತಾನನ ಬಿಡಾರದಿಂದ ದೂರ ಡೇರೆ ಹಾಕಿದರು. 1482ರಲ್ಲಿ, 30 ತುಂಬುವ ಮೊದಲೇ, ಮೂರನೇ ಮುಹಮ್ಮದ್ ಕುಡಿದು ಕುಡಿದು ಸತ್ತ. ಮಲಿಕ್ ಹಸನ್ ಪ್ರಧಾನಿಯಾದ, 1486ರಲ್ಲಿ ಅವನೂ ಕೊಲೆಯಾದ. 1490ರ ಹೊತ್ತಿಗೆ ಬಿಜಾಪುರ, ಅಹಮದ್‌ನಗರ, ವರ್ಹಾಡ ತಮ್ಮ ತಮ್ಮ ದಾರಿ ಹಿಡಿದವು. ಕಲಬುರಗಿ ತನ್ನದೇ ಎಂದು ಕೂತ ದಸ್ತೂರ್ ದೀನಾರ್ 1504ರಲ್ಲಿ ಯೂಸುಫ್ ಆದಿಲ್ ಖಾನನೊಡನೆ ಕಾದಾಡಿ ಸತ್ತ. ಕಲಬುರಗಿ ಬಿಜಾಪುರಕ್ಕೆ ಸೇರಿತು.

ಕರಾವಳಿಯೂ ಉಳಿಯಲಿಲ್ಲ. ಗವಾನ್ ಬಂದಿಳಿದ ದಾಭೋಳವನ್ನು 1508ರ ಕೊನೆಗೆ ಪೋರ್ಚುಗೀಸರು ಸುಟ್ಟರು. ಅವನು ಗೆದ್ದ ಗೋವಾವನ್ನು 1510ರಲ್ಲಿ ಬಿಜಾಪುರದವರಿಂದ ಕಿತ್ತುಕೊಂಡರು. ಕುದುರೆ ವ್ಯಾಪಾರದ ಕೀಲಿ ಅವರ ಕೈಗೆ ಹೋಯ್ತು. ದಖ್ಖನಿನ ರಾಜರು ತಮ್ಮತಮ್ಮೊಳಗೆ ಪಾಲಿಗಾಗಿ ಬಡಿದಾಡುತ್ತಿದ್ದಾಗ ಸಮುದ್ರದ ಬಾಗಿಲು ಹೊರಗಿನಿಂದ ಮುಚ್ಚಿತು. ಪೋರ್ಚುಗೀಸರು ಗೋವಾ ಬಿಟ್ಟದ್ದು 1961ರಲ್ಲಿ.

ಮದರಸಾದಲ್ಲಿ 3,000 ಹಸ್ತಪ್ರತಿಗಳಿದ್ದವೆಂದು ಹೇಳುತ್ತಾರೆ. 17ನೇ ಶತಮಾನದ ಕೊನೆಯಲ್ಲಿ, ಮೊಗಲರ ಕಾಲಕ್ಕೆ, ಸ್ಫೋಟವಾಗಿ ಕಟ್ಟಡದ ಮುಂಭಾಗವೂ ಒಂದು ಮಿನಾರೂ ಹೋದವು. ಗವಾನ್ ಬರೆದ ಪತ್ರಗಳು ಮಾತ್ರ ರಿಯಾಜ್-ಉಲ್-ಇನ್ಶಾ ಎಂಬ ಸಂಗ್ರಹದಲ್ಲಿ ಉಳಿದಿವೆ. ಆಟೋಮನ್ ಸುಲ್ತಾನನಿಗೂ ಕವಿ ಜಾಮಿಗೂ ಬರೆದ ಪತ್ರಗಳು ಅದರಲ್ಲಿವೆ. ಪತ್ರ ಬರೆಯುವ ಕಲೆಯ ಬಗ್ಗೆಯೇ ಪುಸ್ತಕ ಬರೆದಿಟ್ಟವನು ತಾನು ಬರೆಯದ ಒಂದು ಪತ್ರಕ್ಕಾಗಿ ಸತ್ತ.

2017ರಿಂದ ಕಲಬುರಗಿಯಿಂದ ಕಮಲಾಪುರದ ಮೇಲೆ ಬೀದರಿಗೆ ರೈಲೂ ಇದೆ. ಹೋದವರು ಮದರಸಾ ನೋಡುತ್ತಾರೆ, ಕೋಟೆ ನೋಡುತ್ತಾರೆ, ಅಷ್ಟೂರಿನಲ್ಲಿ ಸುಲ್ತಾನರ ದೊಡ್ಡ ಗುಮ್ಮಟಗಳನ್ನು ನೋಡಿ ವಾಪಸ್ಸಾಗುತ್ತಾರೆ. ಗವಾನನ ಗೋರಿ ಇರುವುದು ಊರ ಹೊರಗೆ ಗೋರ್ನಳ್ಳಿಯ ಹತ್ತಿರ. ಸಾದಾ ಗೋರಿ, ಮೇಲೆ ಗುಮ್ಮಟವಿಲ್ಲ. ಅಲ್ಲಿಗೆ ಹೋಗುವವರು ಕಡಿಮೆ.